ಅಣ್ಣನ ಲ್ಯಾಪ್‌ಟಾಪಿಗೆ ಒಂದು ಸ್ಲೈಡರ್

3 ಫೆಬ್ರವರಿ 2025, ಸೋಮವಾರ. ಸಂಜೆ 6.30

ಕೊಟ್ಟೂರಿನಿಂದ ಬಸ್ಸಿನಲ್ಲಿ ನಿಂತೇ ಬಂದೆ. ಕಾಲೇಜಿನಲ್ಲಿ ಇವತ್ತೂ ಅದೇ ಪೈಥಾನ್ ಪಾಠ. ಆರು ವರ್ಷದಿಂದ ಹೇಳಿಕೊಡುತ್ತಿದ್ದೇನೆ, ನಾನು ಬರೆದ ಒಂದು ಪ್ರೋಗ್ರಾಮೂ ಯಾರ ಉಪಯೋಗಕ್ಕೂ ಬಂದಿಲ್ಲ.

ಕೂಡ್ಲಿಗಿಯಲ್ಲಿ ಇಳಿದು ಕೋರ್ಟ್ ಪಕ್ಕ ಅಣ್ಣನ ಡಿಟಿಪಿ ಅಂಗಡಿಗೆ ಹೋದೆ. ಭೀಮರಾಜಣ್ಣ ತಲೆ ಮೇಲೆ ಟವೆಲ್ ಹೊದ್ದು, ಕಪ್ಪು ಕನ್ನಡಕ ಹಾಕಿಕೊಂಡು ವಕೀಲರ ಅರ್ಜಿ ಟೈಪ್ ಮಾಡುತ್ತಿದ್ದ. ಎಡಗಣ್ಣಿನಿಂದ ನೀರು. ಕಣ್ಣಿನೊಳಗೆ ಉರಿಯೂತ. ವಾಸಿಯಾಗುತ್ತದೆ, ತಿಂಗಳುಗಳು ಬೇಕು, ಅಲ್ಲಿಯವರೆಗೆ ಜೋರು ಬೆಳಕು ಬೇಡ ಎಂದಿದ್ದಾರೆ ಬಳ್ಳಾರಿ ಡಾಕ್ಟರು.

ಕೀಬೋರ್ಡ್ ಬದಲಿಸಿದಾಗಿನಿಂದ ಅವನ ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಕೀಗಳು ಕೆಲಸ ಮಾಡುವುದಿಲ್ಲ. ಸೆಟ್ಟಿಂಗ್ಸ್ ತೆರೆದರೆ ಬಿಳಿ ಪುಟ ಕಣ್ಣಿಗೆ ರಾಚುತ್ತದೆ. ಪೂರ್ತಿ ಇಳಿಸಿದರೂ ಅವನಿಗೆ ಅದು ಹೆಚ್ಚೇ.

ಅಂಗಡಿಯನ್ನು ಪಕ್ಕದ ಜೆರಾಕ್ಸ್ ಪಾಲಾಕ್ಷಪ್ಪನಿಗೆ ಬಿಟ್ಟುಕೊಡುತ್ತಾನಂತೆ. ಬರುವ ಸೋಮವಾರ ಮಾತುಕತೆ. ಹದಿನಾರು ವರ್ಷದ ಅಂಗಡಿ. ಪಿಯುಸಿ ಮುಗಿಸಿ ಅವನು ಅಲ್ಲಿ ಕೂತಿದ್ದಕ್ಕೇ ನಾನು ಎಂಸಿಎ ಓದಿದ್ದು.

ಒಂದು ವಾರ ತಡಿ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ...

4 ಫೆಬ್ರವರಿ, ಮಂಗಳವಾರ. ಬೆಳಿಗ್ಗೆ 6.10

ಆಯಿತು! ಪುಟ್ಟ ಕಿಟಕಿ, ಅದರಲ್ಲಿ ಒಂದು ಸ್ಲೈಡರ್. ನನ್ನ ಲ್ಯಾಪ್‌ಟಾಪಿನಲ್ಲಿ ಎಳೆದೆ — ಪರದೆ ಮಬ್ಬಾಯಿತು. ಬಲಕ್ಕೆ ಎಳೆದೆ, ಬೆಳಗಿತು. ಇಪ್ಪತ್ತೆರಡು ಸಾಲು ಕೋಡ್, ಅಷ್ಟೇ. ಅವ್ವನನ್ನು ಒಲೆ ಮುಂದಿನಿಂದ ಎಬ್ಬಿಸಿ ಕರೆತಂದೆ.

ಅಂಗಡಿಯಲ್ಲಿ ತಗೊಂಡಿದ್ದಾ ಎಂದು ಕೇಳಿದಳು. ನಾನೇ ಮಾಡಿದ್ದು ಅಂದೆ. ಸೆರಗಿಗೆ ಕೈ ಒರೆಸಿಕೊಂಡು ತಾನೇ ಎಳೆದು ನೋಡಿದಳು. ಮೂರು ಸಲ. ರೊಟ್ಟಿ ಸೀದ ವಾಸನೆ ಬಂತು, ಇಬ್ಬರೂ ಏಳಲಿಲ್ಲ.

6 ಫೆಬ್ರವರಿ, ಗುರುವಾರ. ಮಧ್ಯಾಹ್ನ, ಸ್ಟಾಫ್ ರೂಮ್

ಬೆಳಕು ಯಂತ್ರದ ಕನಿಷ್ಠ ಮಿತಿಗಿಂತ ಕೆಳಗೆ ಇಳಿಯುತ್ತಿಲ್ಲ. ಅಣ್ಣನಿಗೆ ಬೇಕಿರುವುದೇ ಅದಕ್ಕಿಂತ ಕೆಳಗಿನದು. ನಿನ್ನೆಯೆಲ್ಲ ಒದ್ದಾಡಿದೆ.

ಇವತ್ತು ಬಸ್ಸಿನಲ್ಲಿ ಡ್ರೈವರ್ ಮುಂದಿನ ಗಾಜಿಗೆ ಹಚ್ಚಿದ ಕಪ್ಪು ಹಾಳೆ ಕಂಡಿತು. ಬಿಸಿಲು ಅದರ ಮೂಲಕ ಮೆತ್ತಗಾಗಿ ಬರುತ್ತಿತ್ತು. ಅಷ್ಟೇ ಸಾಕಾಯಿತು — ಪರದೆಯ ಮೇಲೆ ಪೂರ್ತಿ ಅಗಲದ ಕಪ್ಪು ಕಿಟಕಿ, ಅರ್ಧ ಪಾರದರ್ಶಕ. ಬಂತು! ಆದರೆ ಮೌಸ್ ಕ್ಲಿಕ್ ಎಲ್ಲ ಆ ಕಪ್ಪಿಗೇ ಬಡಿದು ನಿಲ್ಲುತ್ತಿವೆ, ಕೆಳಗಿನ ಫೈಲಿಗೆ ತಲುಪುತ್ತಿಲ್ಲ.

ಸಂಜೆ 5.15

ತಲುಪಿತು. ಕ್ಲಿಕ್ ಹಿಡಿಯಬೇಡ ಎಂದು ವಿಂಡೋಸ್‌ಗೆ ಹೇಳುವ ಒಂದೇ ಸಾಲು. ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಬಸ್ ತಪ್ಪಿತು. ತಪ್ಪಲಿ.

8 ಫೆಬ್ರವರಿ, ಶನಿವಾರ. ಮಧ್ಯಾಹ್ನ 3

ಎರಡನೇ ಶನಿವಾರ, ಕೋರ್ಟಿಗೆ ರಜೆ. ಶಟರ್ ಅರ್ಧ ಇಳಿಸಿ ಅಣ್ಣನ ಲ್ಯಾಪ್‌ಟಾಪಿಗೆ ಹಾಕಿದೆ. ಸ್ಲೈಡರ್ ಎಡಕ್ಕೆ ಎಳಿ ಅಂದೆ. ಅವನು ತುದಿಯವರೆಗೂ ಎಳೆದುಬಿಟ್ಟ.

ಪೂರ್ತಿ ಕಪ್ಪು.

ಅಣ್ಣ ಮೇಜಿನ ಅಂಚು ಹಿಡಿದುಕೊಂಡ. "ಸಮತಾ... ನನ್ನ ಕಣ್ಣು ಹೋತು."

"ಕಣ್ಣಲ್ಲಣ್ಣ, ಪರದಿ. ಕನ್ನಡಕ ತಗಿ. ನನ್ನ ಕೈ ನೋಡು."

ತೆಗೆದ. ನನ್ನ ಬೆರಳುಗಳನ್ನು ನೋಡುತ್ತ ಕೂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸೊನ್ನೆಗೆ ಇಳಿದರೆ ಏನಾಗುತ್ತದೆ ಎಂದು ಒಮ್ಮೆಯೂ ಪರೀಕ್ಷಿಸಿರಲಿಲ್ಲ ನಾನು. ಪಾಠ ಹೇಳುವವಳಂತೆ, ನಾನು.

10 ಫೆಬ್ರವರಿ, ಸೋಮವಾರ. ಮಧ್ಯಾಹ್ನ 2

ನಿನ್ನೆ ಬರೆಯಲು ಬಿಡುವಿರಲಿಲ್ಲ. ಸ್ಲೈಡರ್ ಈಗ ಒಂದು ಮಟ್ಟಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಎಫ್9 ಒತ್ತಿದರೆ ತಕ್ಷಣ ಬೆಳಕು. ಐವತ್ತು ಸಲವಾದರೂ ಒತ್ತಿ ನೋಡಿದ್ದೇನೆ.

ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆ ಅಂಗಡಿಗೆ ಹೋದೆ. ಅಣ್ಣ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಒಂದೇ ಒಂದು ಅರ್ಜಿ, ಆಮೇಲೆ ನಿನ್ನಿಷ್ಟ ಎಂದು ಬೇಡಿಕೊಂಡೆ. ಕೂತ. ಮೊದಲು ಎಫ್9. ಬೆಳಕು ಬಂತು. ಮತ್ತೆ ಇಳಿಸಿದ, ನಿಧಾನಕ್ಕೆ, ತನಗೆ ಬೇಕಾದಲ್ಲಿ ನಿಲ್ಲಿಸಿದ. ಟವೆಲ್ ತೆಗೆದಿಟ್ಟ. ಸ್ವಲ್ಪ ಹೊತ್ತಿಗೆ ಕನ್ನಡಕವನ್ನೂ.

ವಕೀಲೆ ಗೀತಮ್ಮನವರು ಎದುರಲ್ಲೇ ಕೂತಿದ್ದರು, ಅವರದು ನಾಲ್ಕು ಪುಟದ ಅರ್ಜಿ. ನಡುವೆ ಎಲ್ಲೂ ಕಣ್ಣು ಒರೆಸಿಕೊಳ್ಳಲಿಲ್ಲ — ನಾನು ಅದನ್ನೇ ಕಾಯುತ್ತಿದ್ದೆ. ಮುಗಿಸಿ, ತಲೆ ಎತ್ತದೆ ಅವರನ್ನು ಕೇಳಿದ: "ಇನ್ನೂ ಏನಾರ ಐತೇನ್ರಿ, ಮೇಡಂ?"

ಹನ್ನೊಂದಕ್ಕೆ ಪಾಲಾಕ್ಷಪ್ಪ ಬಂದರು, ಮಾತುಕತೆಗೆ.

"ಸದ್ಯ ಬ್ಯಾಡ ಬಿಡ್ರಿ," ಅಂದ ಅಣ್ಣ. "ಕೈತುಂಬ ಕೆಲಸ ಐತಿ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಗ್ಗಿ ಪರದೆ ನೋಡಿ, ತಮ್ಮ ಕಂಪ್ಯೂಟರಿಗೂ ಇದು ಬರುತ್ತದೆಯೇ ಎಂದು ಕೇಳಿದರು. ಡೆಸ್ಕ್‌ಟಾಪ್ ಮಾನಿಟರಿಗೆ ಬೇರೆ ದಾರಿ ಬೇಕು. ಮಾಡಿಕೊಡ್ತೀನ್ರಿ ಅಂದುಬಿಟ್ಟಿದ್ದೇನೆ. ಹೇಗೆ ಅಂತ ಗೊತ್ತಿಲ್ಲ. ಗೊತ್ತಾಗುತ್ತದೆ!

16 ಫೆಬ್ರವರಿ, ಭಾನುವಾರ. ಬೆಳಿಗ್ಗೆ 10

ಪಾಲಾಕ್ಷಪ್ಪನವರ ಮಾನಿಟರ್ ಗುರುವಾರವೇ ಮುಗಿಯಿತು. ಗೀತಮ್ಮನವರ ಆಫೀಸಿಗೆ ನಿನ್ನೆ ಹಾಕಿಕೊಟ್ಟೆ.

ಇವತ್ತು ಅಣ್ಣ ಲ್ಯಾಪ್‌ಟಾಪ್ ಮನೆಗೇ ತಂದಿದ್ದಾನೆ. ತಿಂಡಿ ಮುಗಿಸಿ ನನ್ನ ಪಕ್ಕ ಬಂದು ಕೂತ. "ಇದರೊಳಗ ಏನು ಬರ್ದೀಯ, ನನಗೂ ತೋರ್ಸು" ಅಂದ.

ಒಂದೊಂದೇ ಸಾಲು ಓದಿ ಹೇಳಿದೆ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಬೆರಳಿಟ್ಟು ನಿಲ್ಲಿಸಿದ. ನನ್ನ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದ: ಬೆಳಗಿನ ಬಿಸಿಲಿಗೆ ಒಂದು ಅಳತೆ, ಸಂಜೆಗೆ ಒಂದು ಅಳತೆ ತಾನಾಗಿಯೇ ಬದಲಾಗಬಾರದೇಕೆ? ನನಗೆ ಹೊಳೆದೇ ಇರಲಿಲ್ಲ. ನೀನೇ ಬರಿ ಎಂದು ಲ್ಯಾಪ್‌ಟಾಪ್ ಅವನ ಕಡೆ ಸರಿಸಿದೆ.

ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅವನ ಟೈಪಿಂಗ್ ನನಗಿಂತ ಎಷ್ಟೋ ವೇಗ. ಮೊದಲ ಸಾಲಿಗೆ ಕೆಂಪು ಎರರ್ ಬಂತು. ಹೇಳೋಣ ಎಂದು ಬಾಯಿ ತೆರೆದೆ, ಕೈ ಎತ್ತಿ ತಡೆದ. ಎರರ್ ಅನ್ನು ಅಕ್ಷರ ಅಕ್ಷರ ಓದುತ್ತಿದ್ದಾನೆ... ಬ್ರಾಕೆಟ್ ಮುಚ್ಚಿಲ್ಲ, ತಾನೇ ಹುಡುಕಿದ. ಮುಚ್ಚಿದ. ಎಂಟರ್ ಒತ್ತಿದ. ಈ ಸಲ ಕೆಂಪು ಬರಲಿಲ್ಲ.