ಮನಿಷಾಳ ಮದುವೆಗೆ ಮೊದಲು

ಬಾಳೆಗುಳಿ, ಅಂಕೋಲಾ
9 ಏಪ್ರಿಲ್ 2025

ತಂಗಿ ನೀತಾ,

ನೀನೂ ಭರತರೂ ಮನಿಷಾಳೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ಮನಿಷಾಳ ಲಗ್ನಪತ್ರಿಕೆ ಕೈಗೆ ಬಂದು ಹನ್ನೆರಡು ದಿನ ಆಯಿತು. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು. ನಿನ್ನ ದನಿ ಕೇಳಿದರೆ ಸಾಕು, ನಾನು ಮತ್ತೆ ಅಕ್ಕನ ಗತ್ತಿನಲ್ಲಿ ಸೀರೆ, ಊಟ, ಮಂಟಪ ಅಂತ ಶುರುಮಾಡಿಬಿಡುತ್ತೇನೆ. ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಈ ಕಾಗದ. ಎಷ್ಟೋ ವರ್ಷದ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊ. ಮನಿಷಾ ಡ್ಯೂಟಿಗೆ ಹೋದ ಮೇಲೆ ಒಬ್ಬಳೇ ಕೂತು ಓದು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಹೈವೇ ಪಕ್ಕದ ನಮ್ಮ ಲಾಡ್ಜಿಗೆ ಇನ್ನೊಂದು ಮಹಡಿ ಏರುತ್ತಿದೆ. ನಿನ್ನ ಭಾವ ಬೆಳಿಗ್ಗೆ ಹೋದರೆ ಊಟಕ್ಕೆ ಬರುತ್ತಾರೆ, ಕೈ ತೊಳೆಯುವವರೆಗೂ ಫೋನ್ ಕಿವಿಯಲ್ಲೇ. ವಿಕಾಸನೂ ಅಪ್ಪನ ಹಾಗೇ ಆಗಿದ್ದಾನೆ. ಹೋದ ತಿಂಗಳು ಅವರು ನನಗೆ ಒಂದು ಜೊತೆ ಬಳೆ ಮಾಡಿಸಿದರು. ಡ್ರೈವರ್ ತಂದುಕೊಟ್ಟ. ಅಳತೆ ಕೇಳಿರಲಿಲ್ಲ, ಎರಡೂ ದೊಡ್ಡವಾದವು. ಹೇಳಿದ್ದಕ್ಕೆ, ಬದಲಾಯಿಸಿಕೊ, ಅದರಲ್ಲೇನಿದೆ ಅಂದರು.

ಇನ್ನು ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಹೀಗೇ ನಾಲ್ಕು ಪುಟ ತುಂಬಿಸಿಬಿಡುತ್ತೇನೆ.

ಹೋದ ದಸರೆ ಕಳೆದ ವಾರ, ಸದಾಶಿವಗಡದ ಸುಜಯನ ತಂದೆ ತಾಯಿ ಮೊದಲ ಸಲ ಮನಿಷಾಳನ್ನು ನೋಡಿಕೊಂಡು ಹೋದರಲ್ಲ, ಮರುದಿನ ಅವರು ಇಲ್ಲಿಗೂ ಬಂದಿದ್ದರು. ಹುಡುಗಿಯ ದೊಡ್ಡಮ್ಮನನ್ನು ಒಂದು ಮಾತು ಕೇಳಿ ಹೋಗೋಣ ಅಂತ. ನಾನು ನಿನಗೆ ಇದನ್ನು ಹೇಳಲಿಲ್ಲ. ಸುಜಯನ ತಾಯಿ ಗಂಗೂಬಾಯಿ ನಮ್ಮ ಹೊಸ ಸೋಫಾ, ತೇಗದ ಮೆಟ್ಟಿಲು ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಚಾ ಕುಡಿಯುವಷ್ಟು ಹೊತ್ತೂ ನಿನ್ನ ಮನೆಯದೇ ಸುದ್ದಿ. ನೀವು ಅವರನ್ನು ಊಟಕ್ಕೆ ನಿಲ್ಲಿಸಿಕೊಂಡಿರಂತೆ. ಭರತರೇ ಹಿತ್ತಲಲ್ಲಿ ಕೂತು ಮೀನು ಕೊಯ್ದರಂತೆ. ಸಾರಿಗೆ ಉಪ್ಪು ಮರೆತಿದ್ದಕ್ಕೆ ಅಪ್ಪ ಮಗಳು ಸೇರಿ ನಿನ್ನನ್ನು ಛೇಡಿಸಿದರಂತೆ, ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆಯಂತೆ.

"ನಿಮ್ಮ ತಂಗಿಯ ಮನೆ ಸಣ್ಣದು. ಆದರೆ ನಮಗೆ ಎದ್ದು ಬರಲಿಕ್ಕೇ ಮನಸ್ಸಾಗಲಿಲ್ಲ," ಅಂದರು.

ನಮ್ಮ ಮನೆಯಲ್ಲಿ ಅವರು ಕಾಲು ಗಂಟೆಗೇ ಎದ್ದರು.

ನೀತಾ, ನನಗೆ ಹೊಟ್ಟೆಕಿಚ್ಚಾಯಿತು. ಗಂಡನ ಕಡೆಯವರ ಚೆಂಡಿಯಾ ಊರಿನ ಗದ್ದೆ ನೌಕಾನೆಲೆಗೆ ಹೋದ ಮೇಲೆ, ನಿರಾಶ್ರಿತರ ಕಾಲೋನಿಯ ಮೂರು ಕೋಣೆಯಲ್ಲಿ ಸಂಸಾರ ಮಾಡಿದವಳು ನೀನು. ನಿನ್ನನ್ನು ನೋಡಿ ಅಯ್ಯೋ ಅನ್ನುವುದು ನನ್ನ ಹಕ್ಕು ಅಂತ ತಿಳಿದಿದ್ದೆ. ಪ್ರತಿ ಚೌತಿಗೆ ನಾನು ಉಟ್ಟುಬಿಟ್ಟ ಸೀರೆ ತರುತ್ತಿದ್ದೆನಲ್ಲ, ಅದು ಪ್ರೀತಿಯಿಂದ ಅಂತ ನೀನು ನಂಬಿದೆ. ಅಕ್ಕ ಕೊಟ್ಟದ್ದು ಅಂತ ಕಾಲೋನಿಗೆಲ್ಲ ತೋರಿಸಿ ಉಟ್ಟೆ, ನನಗಿಂತ ಚಂದ ಕಂಡೆ. ಭರತರು ಆ ಸೀರೆಯಲ್ಲಿ ನಿನ್ನನ್ನು ನೋಡುತ್ತಿದ್ದ ರೀತಿ ಕಂಡು, ಮರುವರ್ಷ ಬೇಕೆಂದೇ ಬಣ್ಣಗೆಟ್ಟದ್ದನ್ನು ಆರಿಸಿ ತಂದೆ. ಅದರಲ್ಲೂ ನೀನು ಚಂದವೇ ಕಂಡೆ.

ಹೊರಡುವ ಮೊದಲು ಗಂಗೂಬಾಯಿ ಕೇಳಿದರು, ಹುಡುಗಿ ಹೇಗೆ ಅಂತ. ನಾನು ಚಾದ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಇಟ್ಟೆ. ಆ ತಡವೂ ಬೇಕೆಂದೇ. ಆಮೇಲೆ ಹೇಳಿದೆ.

"ಮನಿಷಾ ಒಳ್ಳೆಯ ಹುಡುಗಿ. ಮಡಗಾಂವದಲ್ಲಿ ನರ್ಸಿಂಗ್ ಓದುವಾಗ ಎಂತದೋ ಒಂದು ಇತ್ತು, ಈಗ ಎಲ್ಲ ಮುಗಿದಿದೆ."

ಎಂತದೂ ಇರಲಿಲ್ಲ. ನಿನಗೆ ಗೊತ್ತು, ನನಗೂ ಗೊತ್ತಿತ್ತು.

ವಾರದೊಳಗೆ ಅವರು ಬೇಡ ಅಂದರು. ನೀನು ಫೋನಿನಲ್ಲಿ ಅತ್ತೆ. ಕಾರಣ ಹೇಳಲಿಲ್ಲ ಅಕ್ಕ, ನಮ್ಮಲ್ಲಿ ಎಂತ ಕೊರತೆ ಕಂಡರೋ ಅಂತ ನನ್ನನ್ನೇ ಕೇಳಿದೆ. ಋಣ ಇಲ್ಲ ಬಿಡು, ನಿನ್ನ ಭಾವನಿಗೆ ಹೇಳಿ ಬೇರೆ ಕಡೆ ನೋಡಿಸುತ್ತೇನೆ ಅಂತ ಸಮಾಧಾನ ಮಾಡಿದೆ. ಅವತ್ತು ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ. ಇದೊಂದು ಬರೆಯದೆ ಬಿಡಬಹುದಿತ್ತು, ಆದರೆ ಬಿಡಲಿಕ್ಕೆ ಮನಸ್ಸಾಗಲಿಲ್ಲ.

ಆಮೇಲೆ ಆದದ್ದು ಅರ್ಧ ನಿನಗೆ ಗೊತ್ತು. ಸುಜಯನಿಗೆ ಸಮಾಧಾನ ಆಗದೆ, ಜನವರಿಯಲ್ಲಿ ಕಾರವಾರದ ಆಸ್ಪತ್ರೆಗೇ ಹೋಗಿ ಮನಿಷಾಳನ್ನು ನೇರ ಕೇಳಿದ. ಅವಳು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಅಂಥದ್ದು ಏನೂ ಇಲ್ಲ, ನೀವು ಕೇಳಲಿಕ್ಕೆ ಮೂರು ತಿಂಗಳು ತಗೊಂಡಿರಿ, ನಾನೂ ಉತ್ತರಕ್ಕೆ ಮೂರು ತಿಂಗಳು ತಗೊಳ್ಳುತ್ತೇನೆ ಅಂದು ವಾರ್ಡಿಗೆ ನಡೆದಳಂತೆ. ಅಷ್ಟು ಕಾಯಿಸದೆ ಮದುವೆಗೆ ಒಪ್ಪಿದಳು, ಅದು ಅವಳ ದೊಡ್ಡತನ. ಯಾರೋ ಚಾಡಿ ಹೇಳಿದ್ದರು ಅಂತ ನಿನಗೂ ಗೊತ್ತಾಯಿತು. ಯಾರು ಅನ್ನುವುದನ್ನು ಸುಜಯ ಹೇಳಿದ್ದು ಭರತರೊಬ್ಬರಿಗೇ.

ಆ ವಾರವೇ ಭರತರು ಸ್ಕೂಟರಿನಲ್ಲಿ ಒಬ್ಬರೇ ಇಲ್ಲಿಗೆ ಬಂದರು. ಸುಜಯನ ಈ ಸುದ್ದಿಯೆಲ್ಲ ನನಗೆ ತಿಳಿದದ್ದು ಅವರಿಂದಲೇ. ಬೈಯುತ್ತಾರೆ ಅಂತ ನಾನು ಬಾಗಿಲಲ್ಲೇ ನಿಂತೆ. ಬೈದಿದ್ದರೆ ನಾನೂ ಸುಮ್ಮನಿರುತ್ತಿರಲಿಲ್ಲ, ಅವರ ನೌಕರಿ, ಕಾಲೋನಿ ಎಲ್ಲ ಎತ್ತಿ ಆಡುತ್ತಿದ್ದೆ, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರು ಜಗಲಿಯಲ್ಲಿ ಕೂತು ಕುಡಿಯಲಿಕ್ಕೆ ನೀರು ಕೇಳಿದರು.

"ಅಕ್ಕ, ನೀತಾಗೆ ನಾನು ಹೇಳಿಲ್ಲ," ಅಂದರು. "ಅವಳಿಗೆ ನಿಮ್ಮ ಮೇಲಿರುವ ನಂಬಿಕೆ ನನ್ನ ಮೇಲೂ ಇಲ್ಲ. ಅದನ್ನು ಮುರಿಯಲಿಕ್ಕೆ ನನಗೆ ಮನಸ್ಸು ಬರಲಿಲ್ಲ."

"ಹೇಳಿ. ನಾನೇನೂ ಹೆದರುವುದಿಲ್ಲ," ಅಂದೆ.

"ಹೇಳುವುದಿದ್ದರೆ ನೀವೇ ಹೇಳಬೇಕು."

ಅಷ್ಟೇ. ಎದ್ದು ಹೊರಟರು. ಯಾಕೆ ಹೀಗೆ ಮಾಡಿದಿರಿ ಅಂತ ಅವರು ಕೇಳಲಿ ಅಂತ ನಾನು ಗೇಟಿನವರೆಗೂ ಹಿಂದೆ ಹೋದೆ. ಕೇಳಲಿಲ್ಲ.

ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ಆಮೇಲೆ ನಿನ್ನ ಪತ್ರಿಕೆ ಬಂತು. ಆಮಂತ್ರಿಸುವವರ ಸಾಲಿನಲ್ಲಿ ನಿನ್ನ ಭಾವನ ಹೆಸರು, ನನ್ನ ಹೆಸರು, ನಿಮ್ಮಿಬ್ಬರ ಹೆಸರಿಗಿಂತ ಮೇಲೆ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ಸದಾಶಿವಗಡಕ್ಕೆ ಹೋಗಿದ್ದೆ. ಕಾರು ಬೇಡ ಅಂತ ಬಸ್ಸಿನಲ್ಲಿ. ನಾನು ಹೇಳಿದ್ದು ಸುಳ್ಳು, ಮನಿಷಾಳಲ್ಲಿ ಯಾವ ದೋಷವೂ ಇಲ್ಲ ಅಂತ ಗಂಗೂಬಾಯಿಯ ಮುಂದೆ ನಿಂತು ಹೇಳಿದೆ. ನಮಗೆ ಆಗಲೇ ಗೊತ್ತಾಗಿದೆ ಅಂದರು. ಕೂತುಕೊಳ್ಳಿ ಅನ್ನಲಿಲ್ಲ. ಊರಲ್ಲಿ ಯಾರ ಮನೆಗೆ ಹೋದರೂ ನನಗೆ ಮೊದಲು ಕುರ್ಚಿ ಹಾಕುತ್ತಾರೆ, ನಿನಗೆ ಗೊತ್ತಲ್ಲ. ನಾನು ಅಂಗಳದಲ್ಲೇ ನಿಂತು, ಹಾಗೇ ತಿರುಗಿ ಬಂದೆ.

ಹೊಟ್ಟೆಕಿಚ್ಚೆಲ್ಲ ಹೋಯಿತು ಅಂತ ಬರೆದರೆ ಇನ್ನೊಂದು ಸುಳ್ಳಾದೀತು. ಈ ಹೊತ್ತಿಗೆ ನೀವು ಮೂವರೂ ಒಟ್ಟಿಗೆ ಕೂತು ಪತ್ರಿಕೆಯ ಮೇಲೆ ಹೆಸರು ಬರೆಯುತ್ತಿರಬಹುದು ಅಂತ ನೆನೆಸಿದರೆ ಈಗಲೂ ಉರಿಯುತ್ತದೆ. ಮನಿಷಾಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಇದನ್ನು ಓದಿದ ಮೇಲೂ ಬಾ ಅಂದರೆ ಮದುವೆಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಬಾ ಅನ್ನದಿದ್ದರೆ ನಿನ್ನ ಭಾವನೂ ವಿಕಾಸನೂ ಬರಲಿ.

ಮನಿಷಾಳಿಗೆ ನನ್ನ ಆಶೀರ್ವಾದ ಮುಟ್ಟುತ್ತದೋ ಇಲ್ಲವೋ, ಆದರೂ ಬರೆಯುತ್ತೇನೆ. ಅವಳು ಹೋದ ಮನೆಯಲ್ಲಿ ನಿನ್ನ ಮನೆಯಷ್ಟೇ ಗಲಾಟೆ ಇರಲಿ. ಉಣ್ಣುವಾಗ ಎದುರಿಗೆ ಕೂತು ಅವಳ ಮುಖ ನೋಡಿ ಮಾತಾಡುವ ಗಂಡ ಇರಲಿ. ನಿನಗೂ ಭರತರಿಗೂ ದೇವರು ಆಯುಷ್ಯ ಕೊಡಲಿ.

ನಿನ್ನ ಅಕ್ಕ,
ಮಂದಾಕಿನಿ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದೆ. ಯಾಕೆ ಮಾಡಿದೆ ಅನ್ನುವುದನ್ನು ಪೂರ್ತಿ ಹೇಳಿಲ್ಲ. ನೀನು ಕಾರವಾರದ ಹಾಸ್ಟೆಲಿನಲ್ಲಿದ್ದ ವರ್ಷ, ಭರತರ ಮನೆಯವರು ಮೊದಲು ಕೇಳಿಕೊಂಡು ಬಂದದ್ದು ನನ್ನನ್ನು. ಅಪ್ಪ ನಿನಗೆ ಹೇಳಲಿಲ್ಲ. ಭರತರೂ ಇಷ್ಟು ವರ್ಷ ಹೇಳಿದಂತಿಲ್ಲ. ನನಗೆ ಅವರು ಮನಸ್ಸಿಗೆ ಬಂದಿದ್ದರು. ಆದರೂ ಅಪ್ಪ ಕೇಳಿದಾಗ, ಗದ್ದೆ ಕಳಕೊಂಡವರ ಮನೆಗೆ ನಾನು ಹೋಗುವುದಿಲ್ಲ ಅಂತ, ಹೊರಗೆ ಕೂತವರಿಗೂ ಕೇಳುವ ಹಾಗೆ ಅಂದೆ. ಇನ್ನೊಮ್ಮೆ ಕೇಳಲಿ, ಆಗ ಹೂಂ ಅಂದರಾಯಿತು ಅಂತಿದ್ದೆ. ಎಂಟು ತಿಂಗಳ ಮೇಲೆ ಅವರ ಮನೆಯವರು ಮತ್ತೆ ಬಂದರು. ನಾನು ಸೀರೆ ಬದಲಾಯಿಸಿ, ಅಬ್ಬಲಿಗೆ ಹೂ ಮುಡಿದು ಚಾ ತಂದೆ. ಅವರು ಕೇಳಿದ್ದು ನಿನ್ನನ್ನು. ದೊಡ್ಡವಳದು ಮೊದಲು ಆಗಲಿ ಅಂದರು ಅಪ್ಪ. ಆ ತಿಂಗಳೇ ನಾನು ಬಾಳೆಗುಳಿಯ ನಿನ್ನ ಭಾವನ ಸಂಬಂಧಕ್ಕೆ ಹೂಂ ಅಂದೆ.