ಏಳರ ಎಣಿಕೆ

ಮಚ್ಛೆ, ಬೆಳಗಾವಿ
೧೪ ಸೆಪ್ಟೆಂಬರ್ ೨೦೨೫

ಗೆಳೆಯ ಪ್ರಸಾದನಿಗೆ ಜಿನಪ್ಪನ ನಮಸ್ಕಾರಗಳು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಕ್ಷೇಮ. ಟಿಕೆಟ್ ಎರಡು, ತಲಾ ಹನ್ನೆರಡು ನೂರು. ಕಾರು ನಿಲ್ಲಿಸಿದ್ದಕ್ಕೆ ಐವತ್ತು. ಕಿವಿಗೆ ಹತ್ತಿ, ಮನೆಯದೇ. ಊಟ ಒಂದು: ಹೊತ್ತು ಮುಳುಗುವ ಮೊದಲು ಉಣ್ಣಬೇಕಾದ ನಾನು ಆ ಹೊತ್ತಿಗೆ ಗೇಟಿನ ಸಾಲಿನಲ್ಲಿ ನಿಂತಿದ್ದೆ. ಖಾಲಿ ಕುರ್ಚಿ ಒಂದು, ನಿನ್ನದು. ಇನ್ನೊಂದು ಬಾಬತ್ತಿದೆ. ಅದಕ್ಕೆ ಎಷ್ಟು ಹಾಕಬೇಕೆಂದು ತಿಳಿಯದೆಯೇ ಈ ಕಾಗದ ಮೂರು ವಾರ ತಡವಾಯಿತು. ತಪ್ಪು ತಿಳಿಯಬೇಡ.

ನಮ್ಮ ಜೈನರ ಪರ್ವ ಮುಗಿದ ಮೇಲೆ ಎಲ್ಲರಲ್ಲೂ ಕ್ಷಮೆ ಕೇಳಿ ಕಳಿಸುವ ಕಾರ್ಡು ಈ ಸಲ ನಿಮ್ಮೂರು ಗುಂಜಿಗೆ ಬರಲಿಲ್ಲವೆಂದು ನಿನ್ನ ಮಗಳು ಪೂರ್ಣಿಮಾ ಕೇಳಿರಬೇಕು. ನಿಮ್ಮ ಹೆಸರು ಬರೆದ ಲಕೋಟೆ ನನ್ನ ಮೇಜಿನ ಮೇಲೇ ಇದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಡ್ರಮ್ಮರ್ ನೌಶೇರ್ ಬಾಟಲಿವಾಲಾ ಬೆಳಗಾವಿ ಕ್ಯಾಂಪಿಗೆ ಬಾರಿಸಲು ಬರುತ್ತಾನೆಂದು ಫೋನು ಮಾಡಿದಾಗ ನೀನು ಏನಂದೆ, ನೆನಪಿದೆಯೇ? "ಬ್ಯಾಡೋ ಜಿನ್ನಪ್ಪಾ. ಎಣಿಕಿ ತಪ್ಪಿದಾವ ಅಲ್ಲಿ ಕುಂತು ಏನ ಮಾಡ್ಲಿ? ನೀನ ಹೋಗಿ ಬಾ. ನನ್ನ ಪಾಲಿಂದೂ ಚಪ್ಪಾಳಿ ಹೊಡಿ. ನಿನಗ ಹತ್ತೂ ಬೆರಳ ಅದಾವಲ್ಲ." ನೀನು ನಕ್ಕೆ. ನಾನೂ ನಕ್ಕೆ. ಫೋನಿಟ್ಟ ಮೇಲೆ ಬಹಳ ಹೊತ್ತು ನನ್ನ ಬೆರಳು ನೋಡುತ್ತ ಕೂತಿದ್ದೆ. ನಮ್ಮ ಕಾರ್ಖಾನೆಯ ಆ ಪ್ರೆಸ್ಸಿನ ಮಾತನ್ನು ನಿನ್ನ ಮುಂದೆ ತೆಗೆಯಬೇಕೆಂದೇ ನಿನಗೂ ಟಿಕೆಟ್ ಕೊಂಡಿದ್ದೆ, ಪ್ರಸಾದ. ಗದ್ದಲದಲ್ಲಿ ಹೇಳಿದರೆ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ ಎಂಬ ವ್ಯಾಪಾರದ ಲೆಕ್ಕ ನನ್ನದು.

ನೌಶೇರನಿಗೆ ಈಗ ಎಪ್ಪತ್ತನಾಲ್ಕು. ಎಂಬತ್ತೈದರಲ್ಲಿ ಕಾಲೇಜಿನ ಕಾಂಪೌಂಡು ಹತ್ತಿ ನೋಡಿದಾಗ ಸೊಂಟದವರೆಗೆ ಕೂದಲಿತ್ತಲ್ಲ, ಈಗ ತಲೆ ತಾಮ್ರದ ಕೊಡದ ಹಾಗಿದೆ. ಇಬ್ಬರು ಕೈಹಿಡಿದು ಕೂರಿಸಿದರು. ಕೋಲು ಕೈಗೆ ಬಂದಿತು ನೋಡು, ಆ ಮುದುಕ ಎಲ್ಲಿ ಹೋದನೋ! ಹಾಡು ಒಂದೊಂದೂ ಇಪ್ಪತ್ತು ನಿಮಿಷ. ನಡುವೆ ಲಯ ನಾಲ್ಕು ಸಲ ಬದಲಾಗುತ್ತದೆ. ಬಾಜೂ ಕೂತಿದ್ದ ಸೃಷ್ಟಿ ಎಂಬ ಹುಡುಗಿ, ಕಾಲೇಜು ಕಲಿಯುವವಳು, ನನ್ನ ಟೋಪಿ ನೋಡಿ ಕೇಳಿದಳು: "ಅಜ್ಜಾರ, ನೀವು ಭಜನಿ ಅಂತ ತಿಳಕೊಂಡು ಬಂದೀರೇನ್ರೀ?"

"ಇಲ್ಲವಾ. ನಿಮ್ಮಪ್ಪ ಹುಟ್ಟೂಕ್ಕಿಂತ ಮೊದಲ ಈತನ್ನ ಕೇಳೀನಿ, ಗ್ವಾಡಿ ಮ್ಯಾಲೆ ಕುಂತು, ಫುಕಟ್."

ಆಮೇಲೆ ಆ ಏಳರ ಹಾಡು ಬಂತು. ಒಂದು-ಎರಡು-ಮೂರು, ಒಂದು-ಎರಡು, ಒಂದು-ಎರಡು. ಖಾನಾಪುರದ ಮದುವೆ ಬ್ಯಾಂಡಿನ ಶೆಡ್ಡಿನಲ್ಲಿ, ಹಂಚಿನ ಅಂಗಡಿಯ ಹಿಂದೆ, ನೀನು ನನ್ನ ತೊಡೆಯ ಮೇಲೆ ತಟ್ಟಿ ಕಲಿಸಿದ್ದು. ಅದನ್ನೇ ನೀನು ತಗಡಿನ ಪಟ್ಟಿಯಿಂದ ವಾಷರು ಹೊಡೆಯುವ ನನ್ನ ಪ್ರೆಸ್ಸಿಗೂ ತಂದೆ. ಮೂರಕ್ಕೆ ಪಟ್ಟಿ ಒಳಗೆ, ಎರಡಕ್ಕೆ ಪೆಡಲು, ಎರಡಕ್ಕೆ ವಾಷರು ಹೊರಗೆ. ಎಲ್ಲರೂ ದಿನಕ್ಕೆ ಎರಡು ಸಾವಿರ ಹೊಡೆದರೆ ನೀನು ಮೂರು ಸಾವಿರ ಹೊಡೆಯುತ್ತಿದ್ದೆ.

ನನಗೆ ಕೂರಲಾಗಲಿಲ್ಲ. ಎದ್ದೆ. ಹೊರಗೆ ಹೋಗೋಣವೆಂದರೆ ಸಾಲಿನ ನಟ್ಟನಡುವೆ ನಾನು, ಆ ಕಡೆ ಹನ್ನೊಂದು ಜೋಡಿ ಮೊಣಕಾಲು, ಈ ಕಡೆ ಹದಿಮೂರು. "ಕುಂದರ್ರೀ ಅಜ್ಜಾರ, ಹಿಂದಿನಾವ್ರಿಗೆ ಕಾಣವಲ್ದು. ಖರೇ ಆಟ ಈಗ ಚಾಲೂ ಆಗ್ತೈತಿ," ಎಂದು ಸೃಷ್ಟಿ ಅಂಗಿ ಹಿಡಿದು ಎಳೆದಳು. ಕೂತೆ. ಕಿವಿಯ ಹತ್ತಿಯನ್ನು ಇನ್ನಷ್ಟು ಒತ್ತಿದೆ. ಆದರೆ ಆ ಪೆಟ್ಟು ಕಿವಿಯಿಂದ ಬರುತ್ತಿರಲಿಲ್ಲ, ಕುರ್ಚಿಯ ಕಾಲಿನಿಂದ ಹತ್ತಿ ಬರುತ್ತಿತ್ತು, ನಮ್ಮ ಪ್ರೆಸ್ಸಿನ ಶೆಡ್ಡಿನ ನೆಲದಂತೆ.

ಅಲ್ಲೇ ನೌಶೇರ್ ತಪ್ಪಿದ. ಆರಕ್ಕೇ ಹೊಡೆದುಬಿಟ್ಟ. ಯಾರಿಗೂ ತಿಳಿಯಲಿಲ್ಲ. ಗಿಟಾರಿನವನು ಕಣ್ಣು ಮುಚ್ಚಿಕೊಂಡೇ ಇದ್ದ, ಸೃಷ್ಟಿ ತಲೆ ಕುಣಿಸುತ್ತಲೇ ಇದ್ದಳು. ನಾನು ಮಾತ್ರ ಬೆಚ್ಚಿಬಿದ್ದೆ. ನೌಶೇರ್ ಸುಮ್ಮನೆ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಬಲಗೈಯ ಕೋಲೆತ್ತಿ ತನ್ನ ಎದೆಗೆ ಎರಡು ಸಲ ಕುಟ್ಟಿಕೊಂಡ: ನನ್ನದು, ನನ್ನದು. ನಕ್ಕ. ಮುಂದಿನ ಸುತ್ತಿಗೆ ಸರಿಯಾಗಿ ಸೇರಿಕೊಂಡ.

ಆರು ನೂರು ಜನ ಚಪ್ಪಾಳೆ ಹೊಡೆದರು. ನೀನು ಹೇಳಿದ್ದೆಯಲ್ಲ, ನನ್ನ ಪಾಲಿಂದೂ ಹೊಡಿ ಅಂತ. ನನ್ನ ಕೈ ಮೇಲೆ ಬರಲಿಲ್ಲ.

"ಆತ ಎದಿ ಕುಟ್ಟೂಕ್ಕಿಂತ ಮೊದಲ ಬೆಚ್ಚಿದ್ರಿ, ತಪ್ಪಿದ್ದು ನಿಮಗ ಹ್ಯಾಂಗ ತಿಳೀತ್ರೀ?" ಎಂದು ಹೊರಡುವಾಗ ಸೃಷ್ಟಿ ಕೇಳಿದಳು. ಗೆಳೆಯ ಕಲಿಸಿದ್ದ ಎಂದೆ. "ಅವರೂ ಡ್ರಮ್ಮರ್ ಏನ್ರೀ?" ಹೌದು ಎಂದೆ. 

ಇಲ್ಲಿ ಎಲ್ಲ ಕ್ಷೇಮ. ನಮ್ಮಾಕೆ ಶಾಂತಾಬಾಯಿಯ ಮಂಡಿನೋವು ಇದ್ದಂತೆಯೇ ಇದೆ. ನೀನು ನಿವೃತ್ತನಾದ ಮೇಲೆ ಸ್ಟೋರಿನಲ್ಲಿ ಯಾವ ಬೋಲ್ಟು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಪೂರ್ಣಿಮಾಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆಯ ದೀಪ ತಂಪಾಗಿ ಉರಿಯಲಿ, ನಿನ್ನ ಕೈಗೆ ಹಿಡಿದದ್ದೆಲ್ಲ ಒಲಿಯಲಿ.

ನಿನ್ನ
ಜಿನಪ್ಪ

ತಾ.ಕ.: ಕಾರ್ಡಿನ ಮೇಲೆ ಏನು ಅಚ್ಚಾಗಿರುತ್ತದೆಂದು ನಿನಗೆ ಬಾಯಿಪಾಠ: 'ತಿಳಿದೋ ತಿಳಿಯದೆಯೋ ನಿಮ್ಮನ್ನು ನೋಯಿಸಿದ್ದರೆ ಕ್ಷಮಿಸಿ.' ಮೂವತ್ತೇಳು ಸಲ ಕಳಿಸಿದೆ. ಮೂವತ್ತೇಳು ಸಲ ನೀನು, ಏತಕ್ಕೆಂದು ಕೇಳದೆ, "ಕ್ಷಮಾ, ಕ್ಷಮಾ" ಎಂದು ನನ್ನ ಬೆನ್ನು ತಟ್ಟಿದೆ. ಅದರಲ್ಲಿ ಇದೂ ಸೇರಿತು ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಸೇರಿಲ್ಲ.

ಎಂಬತ್ತೇಳರ ಆ ಶುಕ್ರವಾರ ಬೆಳಗ್ಗೆ ಫಿಟ್ಟರ್ ಸಾತಪ್ಪ ಬಂದು, "ಸಾವ್ಕಾರ್ರ, ಪ್ರೆಸ್ಸಿನ ಬ್ರೇಕ್ ಸವದೈತ್ರೀ, ತಾನ ಇನ್ನೊಂದ ಏಟ ಹೊಡಿತೈತಿ, ಇವತ್ತ ಬಂದ್ ಇಡ್ರಿ" ಎಂದಿದ್ದ. ಶನಿವಾರ ಮಾಲು ಹೋಗಬೇಕಿತ್ತು. "ಇನ್ನೊಂದ ದಿನ ನಡಸೋ" ಎಂದೆ. ದವಾಖಾನೆಗೆ ಹೋಗುವ ಟೆಂಪೋದಲ್ಲಿ, ಬೆರಳು ಹೋದ ಕೈಗೆ ಬಟ್ಟೆ ಸುತ್ತಿಕೊಂಡು, ನೀನು ಮೂರು ಸಲ ಹೇಳಿದೆ: "ನಾ ಏಳ ಎಣಿಸಿದ್ನೆಲ್ಲೋ ಜಿನ್ನಪ್ಪಾ, ಏಳ ಎಣಿಸಿದ್ನಿ." ನಾನು ಅಂದೆ: "ಇಲ್ಲೋ, ಹಾಡಿನ ಗುಂಗಿನ್ಯಾಗ ಆರಕ್ಕ ಪೆಡಲ್ ಒತ್ತಿದಿ." ವಿಚಾರಣೆಗೆ ಬಂದ ಸಾಹೇಬರಿಗೂ ಅದನ್ನೇ ಬರೆಸಿದೆ. ನೀನು ನಂಬಿದೆ. ಡ್ರಮ್ಮುಗಳನ್ನು ಆ ಬ್ಯಾಂಡಿನವರಿಗೇ ಕೊಟ್ಟು ಬಂದೆ.

ನೀನು ಏಳೇ ಎಣಿಸಿದ್ದೆ, ಪ್ರಸಾದ. ಯಂತ್ರ ಹೆಚ್ಚು ಹೊಡೆಯಿತು. ಅಚ್ಚಾದ ಸಾಲಿನಲ್ಲಿ 'ತಿಳಿಯದೆಯೋ' ಎಂಬುದನ್ನು ಪೆನ್ನಿನಿಂದ ಹೊಡೆದು ಕಾರ್ಡನ್ನು ಇದರೊಳಗೇ ಇಟ್ಟಿದ್ದೇನೆ. ಈ ಸಲ ಏತಕ್ಕೆಂದು ಗೊತ್ತಾಗಿದೆ, ಬೇಕಿದ್ದರೆ ಉತ್ತರ ಬರೆ.

ಯಾರಿಗೆ ಏನು ಸಿಕ್ಕಿತೆಂದು ಕೂಡಿಸಿದೆ. ಗಿರಾಕಿಗೆ ಶನಿವಾರವೇ ಮಾಲು. ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಾತಪ್ಪನಿಗೆ ಮೇಸ್ತ್ರಿಯ ಪದವಿ. ನನಗೆ ಎರಡನೆಯ ಪ್ರೆಸ್ಸು, ಕೈ ಹೋದವನಿಗೆ ಕೆಲಸ ಕೊಟ್ಟ ಪುಣ್ಯವಂತನೆಂಬ ಹೆಸರು. ನಿನಗೆ ಸ್ಟೋರಿನ ಕುರ್ಚಿ, ಎಡಗೈಯಲ್ಲಿ ಉಳಿದ ಮೂರು ಬೆರಳು, ಮತ್ತು ನನ್ನ ತಪ್ಪು.