ಮೇಜುಬಟ್ಟೆಗೆ ಚುಚ್ಚಿದ ಪ್ರಶ್ನೆ

ಭಾನುವಾರ, ಮೇ ೧೮

ಪ್ರೀತಿಯ ಪುಟ್ಟುವಿಗೆ ಅಕ್ಕನ ಆಶೀರ್ವಾದ.

ಮಕ್ಕಳ ಅಪ್ಪನಾದವನನ್ನು ಇನ್ನೂ ಪುಟ್ಟು ಅನ್ನುತ್ತಾಳಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಕಾಗದ ತಡವಾಯಿತು, ಬೈದುಕೋ. ಅಂಗಡಿಯಲ್ಲಿ ಹೊಲಿಯಬೇಕಾದ ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ತಲೆ ಎತ್ತಲು ಪುರುಸೊತ್ತಿಲ್ಲ. ಆರೋಗ್ಯಕ್ಕೇನೂ ಕೊರತೆಯಿಲ್ಲ. ಊಟ ಸೇರುತ್ತಿದೆ. ಆಪರೇಷನ್ನಿನಲ್ಲಿ ಮಲ ಹೋಗಲೆಂದು ಹೊಟ್ಟೆಗೆ ಹಾಕಿದ ಚೀಲವೂ ನಾನೂ ಈಗ ರಾಜಿಯಾಗಿದ್ದೇವೆ. ನಿಮ್ಮ ಭಾವನಷ್ಟು ಸದ್ದು ಅದು ಮಾಡುವುದಿಲ್ಲ.

ಈಗ ಸುದ್ದಿ ಕೇಳು. ಕರುಳಿನ ಕ್ಯಾನ್ಸರಿನ ಬಗ್ಗೆ ಯಾವ ಸಂಶೋಧನೆ ಮೊದಲು ನಡೆಯಬೇಕು ಎಂದು ತೀರ್ಮಾನಿಸಲು ಆಸ್ಪತ್ರೆಯವರು ಸಭೆ ಕರೆದಿದ್ದರು. ಡಾಕ್ಟರು, ನರ್ಸು, ನಮ್ಮಂಥ ರೋಗಿಗಳು ಎಲ್ಲರೂ ಒಂದೇ ಮೇಜಿಗೆ. ಒಂದೊಂದು ಪ್ರಶ್ನೆಗೆ ಒಂದೊಂದು ಕಾರ್ಡು. ಮುಖ್ಯವೆನಿಸಿದ್ದನ್ನು ಮೇಲಕ್ಕೆ ಸರಿಸಬೇಕು, ಉಳಿದದ್ದನ್ನು ಕೆಳಕ್ಕೆ. ನಾನು ಕೊಟ್ಟ ಪ್ರಶ್ನೆ, ‘ರೋಗ ಬಂದವರ ಒಡಹುಟ್ಟಿದವರನ್ನು ಪರೀಕ್ಷೆಗೆ ಕರೆತರುವುದು ಹೇಗೆ?’ ಯಾರನ್ನು ನೆನೆದು ಕೊಟ್ಟೆನೆಂದು ಹೇಳಬೇಕೆ? ಇದು ಒಡಹುಟ್ಟಿದವರಿಗೂ ಬರಬಹುದು, ನಿನಗೂ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿ ವರ್ಷವಾಯಿತು. ನೀನು ಇವತ್ತು ನಾಳೆ ಅನ್ನುತ್ತಲೇ ಇದ್ದೀಯ.

ನನ್ನ ಎದುರಿಗೆ ಒಬ್ಬರು ದೊಡ್ಡ ಡಾಕ್ಟರು. ಅವರಿಗೆ ಹೊಸ ಔಷಧಿಯ ಕಾರ್ಡಿನ ಮೇಲೆ ಪ್ರೀತಿ. ನಾನು ನನ್ನದನ್ನು ಮೇಲಿಟ್ಟರೆ ಅವರು ನಗುನಗುತ್ತಲೇ ಕೆಳಗಿಳಿಸುತ್ತಿದ್ದರು. ನಾನು ಮತ್ತೆ ಮೇಲಿಟ್ಟೆ, ಅವರು ಮತ್ತೆ ಇಳಿಸಿದರು. ನನಗೆ ರೇಗಿತು. ರವಿಕೆಯ ತೋಳಿಗೆ ಗುಂಡುಸೂಜಿ ಚುಚ್ಚಿಕೊಂಡೇ ಓಡಾಡುವ ಅಭ್ಯಾಸ ನನ್ನದು, ಗೊತ್ತಲ್ಲ. ಅವರು ಫೋನಿನಲ್ಲಿ ಮಾತಾಡಲು ಆಚೆ ಹೋದಾಗ ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟು, ನಾಲ್ಕು ಮೂಲೆಗೂ ಸೂಜಿ ಹಾಕಿ ಮೇಜುಬಟ್ಟೆಗೆ ಚುಚ್ಚಿಬಿಟ್ಟೆ.

ಬಂದವರು ಕಾರ್ಡು ಎಳೆದರು. ಬಟ್ಟೆಯೇ ಬಂತು. ಜೊತೆಗೆ ಚಹಾದ ಲೋಟ ಬಂದು ಅವರ ಪ್ಯಾಂಟಿನ ಮೇಲೆ ಮಗುಚಿಕೊಂಡಿತು.

“ಇದನ್ನ ಯಾರು ಹೊಲಿದಿದ್ದು?” ಅಂದರು.

“ನಾನೇ ಸಾರ್. ಕೆಲಸ ಗಟ್ಟಿ, ಬಿಚ್ಚೋಕೆ ಬರಲ್ಲ” ಅಂದೆ.

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೇ ಹೆಚ್ಚು ನಕ್ಕರು. ಪ್ಯಾಂಟು ಒರೆಸಿಕೊಳ್ಳುತ್ತಾ, “ಸರಿ ಅಮ್ಮ, ಇಷ್ಟು ಹಟ ಯಾಕೆ, ಅದನ್ನಾದ್ರೂ ಹೇಳಿ” ಅಂದರು.

“ನನಗೆ ಇರೋನು ಒಬ್ಬನೇ ತಮ್ಮ ಸಾರ್. ನಿಮ್ಮ ಔಷಧಿ ತುಂಬಾ ಒಳ್ಳೇದೇ ಇರಬಹುದು. ಅವನಿಗೆ ಅದು ಬೇಕಾಗೋ ಕಾಲವೇ ಬರಬಾರದು, ಅಷ್ಟೆ.”

ಅವರು ತಮ್ಮ ಕಾರ್ಡನ್ನು ತಾವೇ ತೆಗೆದು ನನ್ನದರ ಕೆಳಗಿಟ್ಟರು. ಸಂಜೆಗೆ ನಮ್ಮ ಪ್ರಶ್ನೆಯೇ ಮೊದಲು, ಪುಟ್ಟು! ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ಹೇಳಿದರೆ ನಿಮ್ಮ ಭಾವ, “ನನ್ನನ್ನೂ ಹೀಗೇ ಚುಚ್ಚಿಟ್ಟಿದ್ದೀಯ, ಇಷ್ಟು ವರ್ಷ ಅಲ್ಲಾಡೋಕಾಗಿಲ್ಲ” ಅಂದರು.

ಉತ್ತರ ಹುಡುಕಲು ವರ್ಷಗಳೇ ಬೇಕಂತೆ. ನೀನು ಅಷ್ಟು ಕಾಯಿಸಬೇಡ, ದೊರೆ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಅಕ್ಕರೆ. ನಿನಗೆ ನೂರು ವರ್ಷ ಆಯಸ್ಸಿರಲಿ, ಜೊತೆಗೆ ಒಂದಿಷ್ಟು ಬುದ್ಧಿಯೂ ಬರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಆಪರೇಷನ್ ಆದಮೇಲೆ ನೀನು ನನ್ನನ್ನು ನೋಡಲು ಬಂದವನು ಬಾಗಿಲಲ್ಲೇ ನಿಂತು ಹಾಗೇ ಹೊರಟುಹೋದೆ. ಮತ್ತೆ ಬರಲಿಲ್ಲ. ನನ್ನ ಚೀಲ ಕಂಡು ಹೇಸಿಗೆಪಟ್ಟೆ ಎಂದುಕೊಂಡು ಬಹಳ ಅತ್ತಿದ್ದೇನೆ. ಸಭೆ ಮುಗಿದ ಮೇಲೆ ನರ್ಸಮ್ಮನ ಹತ್ತಿರ ಹೇಳಿಕೊಂಡೆ. “ಹೇಸಿಗೆ ಇರಲಾರದು, ತಮಗೂ ಈ ರೋಗ ಶುರುವಾಗಿದೆಯೇನೋ ಅನ್ನೋ ಹೆದರಿಕೆಗೆ ಕೆಲವರು ಹಾಗೆ ಮಾಡ್ತಾರೆ” ಅಂದರು. ಆಗಿನಿಂದ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಪುಟ್ಟು, ಅದು ಹೇಸಿಗೆಯಾಗಿದ್ದರೆ ಹಾಗೆಂದೇ ಬರೆ, ಓದಿ ಖುಷಿಪಡುತ್ತೇನೆ. ಹೆದರಿಕೆಯಾಗಿದ್ದರೆ ಬರೆಯುತ್ತಾ ಕೂರಬೇಡ, ಹೊರಟು ಬಾ.